ಅಕ್ಕನನ್ನು ನಾಳೆಗೆ ತಳ್ಳಿದ ಪಟ್ಟಿಪಾಲಕರಿಗೆ

ಮಾನ್ಯ ಪಟ್ಟಿಪಾಲಕರೇ,

ನನ್ನ ಮೊಬೈಲಿನೊಳಗೆ ಬಿಟ್ಟಿ ವಾಸವಾಗಿದ್ದು, ಬೆಳಗ್ಗೆ ಆರಕ್ಕೇ ಎದ್ದು ನನ್ನನ್ನೂ ಎಬ್ಬಿಸುವ ತಮ್ಮ ಸನ್ನಿಧಿಗೆ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತಾರು ವರ್ಷದಿಂದ ಬಟ್ಟೆ ಹೊಲಿಯುತ್ತಿರುವ ದರ್ಜಿಯೊಬ್ಬನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಹೊಟ್ಟೆಯೇ ಇಲ್ಲದವರಿಗೆ ಅಜೀರ್ಣ ಎಲ್ಲಿಂದ ಬರಬೇಕು?

ತಾವು ಬರುವ ಮೊದಲು ನನ್ನ ಅಂಗಡಿಯ ಗೋಡೆಗೊಂದು ಮೊಳೆ, ಮೊಳೆಗೊಂದಿಷ್ಟು ಚೀಟಿ ಇದ್ದವು. ಕೆಲಸ ಮುಗಿದರೆ ಚೀಟಿ ಹರಿದು ಬಿಸಾಡುತ್ತಿದ್ದೆ. ಈ ಅನಾಗರಿಕ ಪದ್ಧತಿ ಕಂಡು ಮರುಗಿದ ನನ್ನ ಬಾಮೈದ, "ಭಾವ, ಕಾಲ ಎಲ್ಲಿಗೆ ಹೋಗಿದೆ, ನೀವಿನ್ನೂ ಮೊಳೆ ನಂಬ್ಕೊಂಡು ಕೂತಿದ್ದೀರಲ್ಲ" ಎಂದು ತಮ್ಮನ್ನು ತಂದು ಪ್ರತಿಷ್ಠಾಪಿಸಿದ. ಅಂದಿನಿಂದ ನನ್ನ ಬಾಳು ಬಂಗಾರವಾಯಿತು. ಮೊದಲು ಗುಂಡಿ ಹೊಲಿಯುವುದು ಒಂದೇ ಕೆಲಸ. ಈಗ ಹೊಲಿಯಬೇಕೆಂದು ಬರೆಯುವುದು, ಅದಕ್ಕೊಂದು ಬಣ್ಣ ಆರಿಸುವುದು, ಅದು ತುರ್ತೋ ಮುಖ್ಯವೋ ಎಂದು ತೀರ್ಮಾನಿಸುವುದು, ಕೊನೆಗೆ ಸಮಯ ಉಳಿದರೆ ಹೊಲಿಯುವುದು. ಕಾಲರ್ ತಿರುಗಿಸಿಕೊಳ್ಳಲು ಬಂದ ನಿವೃತ್ತ ಪೋಸ್ಟ್‌ಮ್ಯಾನ್, ನಾನು ಅವರ ಕಾಲರಿಗೆ ಶೀರ್ಷಿಕೆ ಹುಡುಕುವುದನ್ನು ಅರ್ಧ ಗಂಟೆ ನೋಡಿ, ಅಂಗಿ ಸಮೇತ ಎದ್ದು ಹೋದರು.

ಇದನ್ನು ದೂರೆಂದು ತಿಳಿಯಬಾರದು. ದೂರಿರುವುದು ನನ್ನ ಅಕ್ಕನ ವಿಚಾರದಲ್ಲಿ.

ನಾಲ್ಕು ಬೀದಿ ಆಚೆ ಒಬ್ಬಳೇ ಇರುವ ಅಕ್ಕ, ಕಣ್ಣು ಮಂಜಾಗುತ್ತಿದೆ, ಆಸ್ಪತ್ರೆಗೆ ಜೊತೆಗೆ ಬಾ ಎಂದಿದ್ದಳು. ತಕ್ಷಣ ಪಟ್ಟಿಯಲ್ಲಿ ಬರೆದೆ. ಬರೆದ ಕೂಡಲೇ ಅರ್ಧ ದಾರಿ ಕರೆದುಕೊಂಡು ಹೋದಷ್ಟು ನೆಮ್ಮದಿಯಾಯಿತು. ತಾವು ದಿನವೂ ನೆನಪಿಸಿದಿರಿ, ಸುಳ್ಳು ಹೇಳಬಾರದು. ಆದರೆ ನೆನಪಿನ ಪಕ್ಕದಲ್ಲೇ 'ನಾಳೆಗೆ' ಎಂಬ ನುಣ್ಣನೆಯ ಗುಂಡಿಯನ್ನೂ ಇಟ್ಟಿರಿ. ನಲವತ್ತೊಂದು ದಿನ ಒತ್ತಿದೆ. ಮೂವತ್ತನೆಯ ದಿನ, ಒಂದು ದಿನವೂ ತಪ್ಪದೆ ಪಟ್ಟಿ ತೆರೆದೆನೆಂದು ತಾವು ಪದಕ ಕೊಟ್ಟಿರಿ. ಹೆಂಡತಿಗೆ ತೋರಿಸಿದೆ. ಅವಳು ಪದಕದ ಕೆಳಗಿದ್ದ ಅಕ್ಕನ ಸಾಲನ್ನು ಓದಿ, "ನಾಳೆ ನಾನೇ ಕರ್ಕೊಂಡು ಹೋಗ್ಲಾ?" ಎಂದಳು. ಬೇಡ, ಪಟ್ಟಿಯಲ್ಲಿದೆ ಎಂದೆ.

ನಲವತ್ತೆರಡನೆಯ ದಿನ ಅಕ್ಕನೇ ಗೋಡೆ ಸವರಿಕೊಂಡು ಅಂಗಡಿಗೆ ಬಂದಳು. ಮೊಣಕೈ ತರಚಿತ್ತು. "ಮೆಟ್ಟಿಲು ಕಾಣಲಿಲ್ಲ ಕಣೋ" ಎಂದಳು. ನಾನು ಮರೆತಿರಲಿಲ್ಲವೆಂದು ರುಜುವಾತು ಮಾಡಲು ಫೋನನ್ನು ಅವಳ ಮುಖದ ಮುಂದೆ ಹಿಡಿದೆ. ಅವಳು ಕಣ್ಣು ಕಿರಿದು ಮಾಡಿ, "ಏನು ಬರ್ದಿದ್ದೀಯೋ ಗೊತ್ತಾಗ್ತಿಲ್ಲ, ನೀನೇ ಓದು" ಎಂದಳು. ಮಾನ್ಯರೇ, ತಮ್ಮನ್ನು ಜೇಬಿಗಿಳಿಸಿದೆ.

ಅಂದೇ ಬಾಗಿಲೆಳೆದು ಕರೆದೊಯ್ದೆ. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು, ಸರಿಹೋಗುತ್ತದಂತೆ. ಇನ್ನೊಂದರ ಬಗ್ಗೆ ಡಾಕ್ಟರಮ್ಮ, "ಒಂದು ತಿಂಗಳು ಮೊದಲೇ ಬಂದಿದ್ರೆ" ಎಂದು ಅರ್ಧಕ್ಕೇ ನಿಲ್ಲಿಸಿದರು. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಪಟ್ಟಿಯಲ್ಲಿ ಅಕ್ಕನ ಸಾಲಿಗೆ ಗೆರೆ ಎಳೆದಾಗ ತಾವು ಪರದೆ ತುಂಬ ಬಣ್ಣದ ಚೂರು ಹಾರಿಸಿ 'ಶಹಬ್ಬಾಸ್' ಎಂದಿರಿ. ದಯವಿಟ್ಟು ಆ ಶಹಬ್ಬಾಸನ್ನು ಹಿಂದಕ್ಕೆ ತೆಗೆದುಕೊಂಡು, ನಲವತ್ತೊಂದು ದಿನಗಳನ್ನು ಮರಳಿಸಬೇಕು. ಕಷ್ಟವಾದರೆ ಮೊದಲ ಹತ್ತಾದರೂ ಸಾಕು.

ಇಂತಿ, ಪದಕ ಸಮೇತ ತಲೆತಗ್ಗಿಸಿ ನಿಂತಿರುವ,
ತಮ್ಮ ವಿಶ್ವಾಸಿ,
ದರ್ಜಿ

ಮರೆತ ಮಾತು: ತಮ್ಮನ್ನು ಅಳಿಸಲು ಹೋದರೆ, ಅದಕ್ಕೂ ಮೊದಲು ಮಾಡಬೇಕಾದ ಒಂಬತ್ತು ಕೆಲಸಗಳ ಪಟ್ಟಿ ಕೊಟ್ಟಿರಿ. ಮೊದಲನೆಯದು, ತಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಎಂಬ ಪ್ರಶ್ನೆ. ಅಕ್ಕನ ಬ್ಯಾಂಡೇಜು ಬಿಚ್ಚಲಿ. ಆಗ ಅವಳಿಗೆ ಎಷ್ಟು ಬೆರಳು ಕಾಣುತ್ತವೋ, ಅಷ್ಟು.