ಪುಂಡಿ ಸೊಪ್ಪಿಗೆ ಅರವತ್ತು ಪರ್ಸೆಂಟ್ ತೇವ

ತೇವದ ಜೊತೆ ಸಂಸಾರ ಮಾಡೋರಿಗೆ ಇಂಥವು ಆಗ್ತಾನೇ ಇರ್ತವೆ. ತೊಂಬತ್ತರ ದಶಕದಲ್ಲಿ ನಾನು ಸಿಂಗಾಪುರದ ತಂಜಾಂಗ್ ಪಗಾರ್‌ನಲ್ಲಿ ಡ್ರೈ ಕ್ಯಾಬಿನೆಟ್ ರಿಪೇರಿ ಮಾಡೋ ಕೆಲಸದಲ್ಲಿದ್ದೆ. ಕ್ಯಾಮೆರಾ ಲೆನ್ಸಿಗೆ ಬೂಷ್ಟು ಬರದ ಹಾಗೆ ಗಾಳಿಯ ತೇವ ಹೀರೋ ಗಾಜಿನ ಬೀರು ಅದು. ಆ ಊರಲ್ಲಿ ಸುಮ್ಮನೆ ಬಿಟ್ಟರೆ ಬೆಲ್ಟಿಗೂ ಬೂಷ್ಟು, ಪಾಸ್‌ಪೋರ್ಟಿಗೂ ಬೂಷ್ಟು. ಊರವರ ಲೆನ್ಸೆಲ್ಲ ಒಣಗಿಸಿಟ್ಟ ನನಗೆ ನಮ್ಮವ್ವನ ಸೊಪ್ಪು ಒಣಗಿಸಿಡೋದರಲ್ಲಿ ಸಾಕೋ ಸಾಕಾಯ್ತು.

೧. ಪೋಸ್ಟರ್

ಅಪ್ಪ ತೀರಿಕೊಂಡ ಮೇಲೆ ಅವ್ವ ಗದಗದಿಂದ ಬೆಡೋಕ್‌ನ ನಮ್ಮ ಫ್ಲ್ಯಾಟಿಗೆ ಬಂದಳು. ಬರುವಾಗ ಸೀರೆ ಸೆರಗಿನ ಗಂಟಲ್ಲಿ ಪುಂಡಿ ಬೀಜ ತಂದಿದ್ದಳು. ಕೊನೆಯ ದಿನ ಆಸ್ಪತ್ರೆಯಲ್ಲಿ ಅಪ್ಪ ಪುಂಡಿ ಪಲ್ಯ ಕೇಳಿದ್ದರಂತೆ. "ಕೆಮ್ಮು ಐತಿ, ಹುಳಿ ಬ್ಯಾಡ, ನಾಳಿ ಮಾಡತೀನಿ" ಅಂದಿದ್ದಳಂತೆ. ನಾಳೆ ಬರಲಿಲ್ಲ. ಅದಕ್ಕೆ ಮಹಾಲಯ ಅಮಾವಾಸ್ಯೆಗೆ ಅವರ ಮೊದಲ ಎಡೆಯಲ್ಲಿ ಪುಂಡಿ ಪಲ್ಯ ಇರಲೇಬೇಕು ಅಂತ ಹಟ. ಅಂಗಡಿ ಅಂಗಡಿ ಸುತ್ತಿದರೂ ಆಗ ಅಲ್ಲಿ ಪುಂಡಿ ಸಿಗುತ್ತಿರಲಿಲ್ಲ.

ಕಾರಿಡಾರಿನ ಕುಂಡದಲ್ಲಿ ಗಿಡ ಆಳೆತ್ತರ ಬೆಳೆದವು. ಐದು ಬೆರಳಿನ ಎಲೆ, ಗರಗಸದ ಅಂಚು. ಒಂದು ಸಂಜೆ ಹೆಂಡತಿ ಬ್ಲಾಕಿನ ಕೆಳಗಿನ ತೆರೆದ ಹಜಾರದಿಂದ, ಅಂದರೆ ವಾಯ್ಡ್ ಡೆಕ್‌ನಿಂದ ಬೆವರುತ್ತ ಬಂದಳು. ಅವಳು ಮೈಸೂರಿನವಳು, ಪುಂಡಿ ಕಂಡವಳಲ್ಲ. "ರೀ, ನೋಟಿಸ್ ಬೋರ್ಡಲ್ಲಿ ನಮ್ಮ ಸೊಪ್ಪಿನ ಫೋಟೋ ಹಾಕಿದ್ದಾರೆ. ಕೆಳಗೆ ನೇಣಿನ ಹಗ್ಗಾನೂ ಇದೆ."

ಓಡಿ ಹೋಗಿ ನೋಡಿದೆ. ಗಾಂಜಾ ವಿರೋಧಿ ಪೋಸ್ಟರ್. ಎಲೆ ಮಾತ್ರ ನಮ್ಮ ಕುಂಡದಿಂದಲೇ ಕಿತ್ತು ಅಂಟಿಸಿದ ಹಾಗಿತ್ತು. ಆ ಊರಲ್ಲಿ ಗಾಂಜಾ ಸಾಗಿಸಿ ಸಿಕ್ಕಿಬಿದ್ದರೆ ನೇಣೇ ಗತಿ. ಹಿಂದೆಯೇ ಬಂದ ಅವ್ವ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದಳು. ಇಂಗ್ಲಿಷ್ ಓದಲು ಬಾರದು. ಆಮೇಲೆ ಹೇಳಿದಳು: "ನೋಡಪಾ, ಈ ಮಂದಿಗೂ ಪುಂಡಿ ಕಿಮ್ಮತ್ತು ಗೊತ್ತಾಗೈತಿ."

೨. ಕಿತ್ತಳೆ ಹಣ್ಣು

ಅಮಾವಾಸ್ಯೆಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟರಲ್ಲಿ ಪೇಂಟಿಂಗ್ ಇದೆ, ಕಾರಿಡಾರ್ ಖಾಲಿ ಮಾಡಿ ಅಂತ ನೋಟಿಸ್ ಬಂತು. ನನಗೆ ಒಳಗೊಳಗೇ ಖುಷಿ. ಅವ್ವ ಮಾತ್ರ ಗಿಡಗಳನ್ನೆಲ್ಲ ಕೊಯ್ದು, "ಒಣಗಿಸಿ ಇಡೋಣು. ನಿನ್ನ ಇಂಜಿನಿಯರಿಕಿ ತೋರ್ಸು" ಅಂದಳು. ಕಸಕ್ಕೆ ಹಾಕೋಣ ಅನ್ನುವ ಧೈರ್ಯ ನನಗಾಗಲಿಲ್ಲ.

ಕಾರಿಡಾರ್ ಕಡೆಯ ಚಿಕ್ಕ ರೂಮಿಗೆ ಕಪ್ಪು ಪರದೆ ಕಟ್ಟಿ, ಸೊಪ್ಪಿನ ಕಟ್ಟುಗಳನ್ನು ತಲೆಕೆಳಗಾಗಿ ನೇತುಹಾಕಿ, ಆಫೀಸಿನ ಹಳೇ ತೇವ ಹೀರೋ ಮಷೀನು, ಡಿಹ್ಯೂಮಿಡಿಫೈಯರ್, ಹಚ್ಚಿದೆ. ಬೇಗ ಒಣಗಿದರೆ ಪುಡಿ, ತಡವಾದರೆ ಬೂಷ್ಟು. ನನ್ನ ಮೀಟರ್ ಅರವತ್ತು ಪರ್ಸೆಂಟ್ ತೋರಿಸಬೇಕು. ಅವ್ವನಿಗೆ ಮೀಟರ್ ಬೇಡ. ಸಂಜೆ ದೀಪ ಹಾಕದೆ ರೂಮಿನಲ್ಲಿ ಕೂತು, ಒಂದು ಎಲೆ ಕಿವಿ ಹತ್ತಿರ ಹಿಡಿದು ಮೆಲ್ಲಗೆ ಹಿಸುಕಿ, ಸಪ್ಪಳ ಕೇಳಿ ಹದ ಹೇಳುತ್ತಿದ್ದಳು. ಕತ್ತಲಲ್ಲಿ ಬಿಳಿ ಸೀರೆ, ಸುತ್ತ ತೂಗಾಡುವ ಸೊಪ್ಪು, ಮೂಲೆಯಲ್ಲಿ ಉಸ್ ಅನ್ನುವ ಮಷೀನು. "ಇನ್ನೂ ಹಸಿ ಅದೀ, ಮಲಕ್ಕೋ" ಅಂತ ಎಲೆಗೆ ಹೇಳುವ ದನಿ. ಹೆತ್ತ ತಾಯಿಯೇ ಆದರೂ ನನಗೆ ಆ ರೂಮಿನೊಳಗೆ ಹೋಗೋಕೆ ಭಯ.

ಆಗ ಚೀನೀಯರ ಏಳನೇ ತಿಂಗಳು, ದೆವ್ವಗಳು ಊರು ಸುತ್ತುವ ತಿಂಗಳು. ಪಕ್ಕದ ಮನೆಯ ಚೀನೀ ಆಂಟಿ ಪರದೆಯ ಸಂದಿಯಿಂದ ಇಣುಕಿದರು, ಚಪ್ಪಲಿ ಅಲ್ಲೇ ಬಿಟ್ಟು ಓಡಿದರು. ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ಊದುಬತ್ತಿ, ಐದು ಕಿತ್ತಳೆ ಹಣ್ಣು. ಮರುದಿನವೂ ಅಷ್ಟೇ. ಅವ್ವ ಒಂದೊಂದೇ ಸುಲಿದು ತಿನ್ನುತ್ತ, "ನೆರಿಮನಿಯವ್ರು ಭಾಳ ಚಲೋ ಮಂದಿ, ನನ್ನ ಕಂಡ್ರ ಕೈ ಮುಗೀತಾರ" ಅಂದಳು.

೩. ಮೂರನೇ ಜಾಡಿ

ಕಡ್ಡಿ ಬಗ್ಗದೆ ಲಟಕ್ಕನೆ ಮುರಿಯತೊಡಗಿದ ಮೇಲೆ ಸೊಪ್ಪನ್ನು ಮೂರು ಗಾಜಿನ ಜಾಡಿಗೆ ತುಂಬಿದೆ. ಪ್ರತಿ ಜಾಡಿಯೊಳಗೂ ಒಂದು ಪುಟ್ಟ ತೇವದ ಮೀಟರ್. ಮೊದಲ ವಾರ ದಿನಾ ಸ್ವಲ್ಪ ಹೊತ್ತು ಮುಚ್ಚಳ ತೆಗೆದು ಗಾಳಿ ಆಡಿಸಬೇಕು, ಆಮೇಲೆ ಮುಟ್ಟಬಾರದು.

ಎರಡು ಜಾಡಿ ಅರವತ್ತರಲ್ಲೇ ನಿಂತವು. ಅಪ್ಪನ ಫೋಟೋ ಪಕ್ಕದ ಮೂರನೆಯದು ಮಾತ್ರ ದಿನಾ ಸಂಜೆ ಎಪ್ಪತ್ತು ದಾಟುತ್ತಿತ್ತು. ರಬ್ಬರ್ ಬದಲಾಯಿಸಿದೆ, ಮೀಟರ್ ಬದಲಾಯಿಸಿದೆ, ಜಾಡಿಯನ್ನೇ ಬದಲಾಯಿಸಿದೆ. ಆದರೂ ಗಾಜಿನ ಒಳಮೈಯಲ್ಲಿ ಯಾರೋ ಉಸಿರು ಬಿಟ್ಟ ಹಾಗೆ ಮಂಜು. ಹೆಂಡತಿ ಫೋಟೋ ಕಡೆ ನೋಡಿ, "ಮಾವನೋರಿಗೆ ತಡ್ಕೊಳ್ಳೋಕೆ ಆಗ್ತಿಲ್ಲ ಅನ್ಸುತ್ತೆ" ಅಂದಳು. ನಗಬೇಕಿತ್ತು, ಇಬ್ಬರಿಗೂ ನಗು ಬರಲಿಲ್ಲ. ಆ ಜಾಡಿಗೆ ಬೂಷ್ಟು ಬಂದು ಬಿಸಾಡಿದೆ; ಅವ್ವ ಇನ್ನೊಂದನ್ನು ಫೋಟೋ ಪಕ್ಕಕ್ಕೆ ತಂದಿಟ್ಟಳು, ಅದಕ್ಕೂ ಅದೇ ಗತಿ. ಉಳಿದದ್ದು ಕೊನೆಯದೊಂದೇ ಜಾಡಿ, ಅದೂ ಫೋಟೋ ಪಕ್ಕಕ್ಕೇ ಬಂತು.

ಒಂದು ದಿನ ರಜೆ ಹಾಕಿ ಬಾಗಿಲ ಮರೆಯಲ್ಲಿ ನಿಂತೆ. ಐದು ಗಂಟೆಗೆ ಅವ್ವ ಬಂದು ಜಾಡಿಯ ಮುಚ್ಚಳ ತೆಗೆದಳು. ಬಾಯಿಗೆ ಬಾಯಿ ಹಚ್ಚಿ ಶುರುಮಾಡಿದಳು: "ಕೇಳ್ರಿ, ಇವತ್ತ ಸೊಸಿ ಸಾರಿಗೆ ಬೆಲ್ಲ ಹಾಕ್ಯಾಳ..." ಅರ್ಧ ಗಂಟೆ ವರದಿ, ನಡುವೆ ಒಂದಿಷ್ಟು ಕಣ್ಣೀರು. ಎಪ್ಪತ್ತು ದಾಟದೆ ಏನಾಗುತ್ತೆ?

"ಅವ್ವಾ, ಮಾತಾಡು, ಬೇಡ ಅನ್ನಲ್ಲ. ಮುಚ್ಚಳ ಹಾಕ್ಕೊಂಡು ಮಾತಾಡು" ಅಂದೆ. ಅವ್ವ ನನ್ನನ್ನು ಕನಿಕರದಿಂದ ನೋಡಿದಳು. "ಮೊದಲ ಅವರಿಗೆ ಎಡಗಿವಿ ಮಂದ ಇತ್ತಲ್ಲೋ, ಮುಚ್ಚಳ ಹಾಕಿದ್ರ ಹೆಂಗ ಕೇಳತೈತಿ?" ತೇವ ಹೀರಲಿ ಅಂತ ಜಾಡಿಯೊಳಗೆ ಉಪ್ಪಿನ ಗಂಟು ಇಟ್ಟು ಕೈಮುಗಿದೆ.

೪. ಎಡೆ

ಅಮಾವಾಸ್ಯೆ ಬಂತು. ಸೊಪ್ಪು ಉಳಿದಿತ್ತು. ಅವ್ವ ಅರ್ಧ ಜಾಡಿ ನೆನೆಸಿ, ಬೇಳೆ ಹಾಕಿ ಪಲ್ಯ ಮಾಡಿದಳು. ಫೋಟೋಕ್ಕೆ ಎಡೆ ತೋರಿಸಿ, ಬಾಳೆ ಎಲೆ ತುಂಡಿನಲ್ಲಿ ರೊಟ್ಟಿ, ಪಲ್ಯ ಇಟ್ಟು ಕಾರಿಡಾರಿನ ಗೋಡೆ ಮೇಲೆ ಇಟ್ಟಳು. ಕಾಗೆ ಮುಟ್ಟಿದರೆ ಹೋದವರು ಉಂಡಂತೆ. ಅದು ಮುಟ್ಟುವ ತನಕ ಇವಳು ಹನಿ ನೀರೂ ಕುಡಿಯುವಂತಿಲ್ಲ.

ಕಾಗೆ ಎಲ್ಲಿಂದ ಬರಬೇಕು? ಕಾಟ ಜಾಸ್ತಿಯಾಯ್ತು ಅಂತ ಆ ಊರಲ್ಲಿ ಕಾಗೆಗಳನ್ನು ಗುಂಡು ಹಾರಿಸಿ ಕೊಲ್ಲುತ್ತಿದ್ದರು. ಹನ್ನೆರಡಾಯ್ತು, ಎರಡಾಯ್ತು, ಮೂರೂವರೆ ಆಯ್ತು. ಗಾಳಿಯೇ ಇಲ್ಲ, ಆದರೂ ಬಾಳೆ ಎಲೆಯ ತುದಿ ಅಲುಗುತ್ತಿತ್ತು. ಅವ್ವ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು, ತುಟಿ ಒಣಗಿತ್ತು. "ಸಿಟ್ಟಾಗ್ಯಾರ. ಆವತ್ತ ಕೊಡಲಿಲ್ಲ ಅಂತ ಇವತ್ತ ಒಲ್ಲೆ ಅಂತಾರ" ಅಂದಳು.

ಆಗ ಲಿಫ್ಟ್ ಬಾಗಿಲು ತೆರೀತು. ಒಳಗಿಂದ ಬಿಳಿ ಶರ್ಟಿನ ಒಬ್ಬ ಎತ್ತರದ ಮನುಷ್ಯ ಬಂದು ಕಾರ್ಡ್ ತೋರಿಸಿದರು. ಮಾದಕವಸ್ತು ಹಿಡಿಯೋ ಆಫೀಸರ್. ಎದುರು ಬ್ಲಾಕಿನವರು ಯಾರೋ ಫೋನ್ ಮಾಡಿದ್ದರಂತೆ. ಸೀದಾ ಒಳಗೆ ಹೋಗಿ ಜಾಡಿ ಎತ್ತಿದರು.

"ಒಳಗೆ ಮೀಟರ್ ಯಾಕೆ?"

"ಅರವತ್ತೈದು ದಾಟಿದರೆ ಬೂಷ್ಟು ಬರುತ್ತೆ ಸರ್."

"ಕಪ್ಪು ಪರದೆ?"

"ಬೆಳಕು ಬಿದ್ದರೆ ಬಣ್ಣ ಹೋಗುತ್ತೆ ಸರ್. ಮೊದಲ ವಾರ ದಿನಾ ಮುಚ್ಚಳಾನೂ ತೆಗೀಬೇಕು."

ನಾನು ವಿವರಿಸಿದಷ್ಟೂ ಆತನ ಮುಖ ಗಂಟಾಯಿತು. ಹೆಂಡತಿ ನನ್ನ ಬೆನ್ನು ಚಿವುಟಿದಳು. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ: "ಸರ್, ಇದು ಪಲ್ಯದ ಸೊಪ್ಪು. ಬೇಕಾದರೆ ತಿಂದು ನೋಡಿ."

ಆಫೀಸರ್ ಹೊರಗೆ ಬಂದು ಎಡೆಯ ಎಲೆಯನ್ನೇ ನೋಡಿದರು. ನಾನು ತಡೆಯುವಷ್ಟರಲ್ಲಿ ರೊಟ್ಟಿ ಮುರಿದು ಪಲ್ಯ ಅದ್ದಿ ಬಾಯಿಗೆ ಹಾಕಿಕೊಂಡರು. ಹುಳಿಗೆ ಒಂದು ಕಣ್ಣು ಮುಚ್ಚಿತು. ಇನ್ನೊಂದು ತುತ್ತು ತಗೊಂಡರು. "ಸೋ ಸೌರ್ ಲಾ, ಎಷ್ಟು ಹುಳಿ," ಅಂದು ಮೂರನೆಯದಕ್ಕೆ ಕೈ ಹಾಕಿದರು.

ಅವ್ವ ಮೆಲ್ಲಗೆ ಎದ್ದು ನಿಂತಳು. ತಲೆ ತುಂಬ ಸೆರಗು ಹೊದ್ದಳು. ಮೂವತ್ತು ದಾಟದ ಆ ಹುಡುಗನ ಎದುರು, ಅಪ್ಪನ ಎದುರು ನಿಲ್ಲುತ್ತಿದ್ದ ಹಾಗೆಯೇ ಗೋಡೆ ಪಕ್ಕ ಸರಿದು, "ಸಾವಕಾಶ ಉಣ್ರಿ, ಇನ್ನೂ ಐತಿ" ಅಂದಳು. ಆ ದನಿ ನಾನು ಒಂದು ವರ್ಷದಿಂದ ಕೇಳಿರಲಿಲ್ಲ. ಆಫೀಸರ್ ಎಲೆ ಖಾಲಿ ಮಾಡಿದರು. ಅವ್ವ ಒಳಗೆ ಹೋಗಿ ಒಂದು ಲೋಟ ನೀರು ಗಟಗಟ ಕುಡಿದಳು.

ಆತನಿಗೂ ಇದು ಅದಲ್ಲ ಅಂತ ಖಾತ್ರಿಯಾಗಿತ್ತು. ಆದರೂ ನಿಯಮ ನಿಯಮವೇ. ಜಾಡಿಯಲ್ಲಿ ಉಳಿದಿದ್ದ ಸೊಪ್ಪನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲ್ ಮಾಡಿ, ಲ್ಯಾಬಿಗೆ ಕಳಿಸಬೇಕು ಅಂದರು. ಲಿಫ್ಟ್ ಹತ್ತಿರ ಹೋಗುವಾಗ ಅವ್ವ ಹಿಂದೆಯೇ ಹೋಗಿ ಗಾಬರಿಯಿಂದ ಕೇಳಿದಳು: "ಬರೇ ಒಣಾ ಸೊಪ್ಪು ಒಯ್ದರ ಹೆಂಗ? ಅಲ್ಲಿ ಅವರಿಗೆ ಮಾಡಿ ಹಾಕೋರು ಯಾರದಾರ?"

"ಏನಂತಾರೆ?" ಅಂದರು ಆಫೀಸರ್.

"ನಿಮ್ಮ ಲ್ಯಾಬಿನಲ್ಲಿ ಅಡುಗೆಯವರು ಇದ್ದಾರಾ ಅಂತ ಕೇಳ್ತಿದ್ದಾರೆ ಸರ್."

ಆತ ಪೆನ್ನು ತೆಗೆದು ಅದನ್ನೂ ರಿಪೋರ್ಟಿನಲ್ಲಿ ಬರೆದುಕೊಂಡರು.