ಜಿಲೇಬಿ ತಪ್ಪಿಸಿಕೊಂಡ ಕತೆ

ಊಟದ ಪಂಕ್ತಿಯಲ್ಲಿ ಬಡಿಸುವವರ ಒತ್ತಾಯಕ್ಕೆ ಹೆದರದ ಗಂಡಸು ನಮ್ಮ ಶಿರಸಿ ಸೀಮೆಯಲ್ಲಿ ಯಾರಾದರೂ ಇದ್ದರೆ ಅವನನ್ನೊಮ್ಮೆ ನೋಡುವ ಆಸೆ ನನಗೆ. ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಜಿಲೇಬಿ ಜಾರಿಸುವುದರಲ್ಲಿ ಹುಲೇಕಲ್ಲಿನ ನಮ್ಮ ನೆಂಟ ಸುಬ್ರಾಯಣ್ಣನನ್ನು ಮೀರಿಸಿದವರಿಲ್ಲ. "ಒಂದೇ ಒಂದು ಹಾಕ್ಯ ಮಾರಾಯ" ಎನ್ನುವಷ್ಟರಲ್ಲಿ ಮೂರು ಬಿದ್ದಿರುತ್ತವೆ. ನನಗೋ ಸಿಹಿ ಕಂಡರಾಗದು. ಒಂದು ಮದುವೆಮನೆಯಲ್ಲಿ ಬೇರೆ ದಾರಿ ಕಾಣದೆ, "ಯಂಗೆ ಸಕ್ಕರೆ ಕಾಯಿಲೆ ಇದ್ದು" ಎಂದುಬಿಟ್ಟೆ. ಸುಬ್ರಾಯಣ್ಣನ ಕೈ ಅಲ್ಲೇ ನಿಂತಿತು. ಪಾಪ, ಮರುಕದಿಂದ ಇನ್ನೊಂದು ಸೌಟು ತಂಬುಳಿ ಬಡಿಸಿ ಮುಂದೆ ಹೋದ. ಅಲ್ಲಿಂದ ಮುಂದೆ ವರ್ಷಗಟ್ಟಲೆ ಎಲ್ಲ ಪಂಕ್ತಿಗಳಲ್ಲೂ ನಾನು ನೆಮ್ಮದಿಯಿಂದ ಉಂಡೆ.

ಆಮೇಲೆ ಊರಿಗೆ ಆರೋಗ್ಯ ವಿಮೆ ಬಂತು. ಏಜೆಂಟರು ಮನೆಗೆ ಬಂದು, "ಸಕ್ಕರೆ, ಬಿ.ಪಿ. ಏನಾದ್ರೂ ಇದೆಯಾ ಮಾಸ್ತರ್ರೇ?" ಎಂದು ಕೇಳಿದರು. ಇಲ್ಲವೆಂದೆ. ನನಗೆ ಗೊತ್ತಿದ್ದಮಟ್ಟಿಗೆ ಅದು ಸತ್ಯ. ಪಾಲಿಸಿ ಮಾಡಿ ವರ್ಷ ತುಂಬುವ ಮೊದಲೇ ಪಾಠ ಮಾಡುತ್ತಿದ್ದಾಗ ಎದೆ ಹಿಡಿದುಕೊಂಡಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ನನ್ನ ಮೂಗು ಬಾಯಿಗೆಲ್ಲ ಆಮ್ಲಜನಕದ ಮುಖವಾಡ. ಎಳೆಯ ಡಾಕ್ಟರು ಹಿಂದಿನ ಕಾಯಿಲೆಗಳನ್ನು ಕೇಳಿದಾಗ ಜೊತೆಗೆ ಬಂದಿದ್ದ ನನ್ನ ಅಕ್ಕನ ಗಂಡ, ಭಾವ, ಕೈಮುಗಿದು ಹೇಳಿದ: "ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ ಡಾಕ್ಟ್ರೇ. ಊಟದಲ್ಲಿ ಭಾರೀ ಪಥ್ಯ." ನಾನು ಕೈಕಾಲು ಬಡಿದೆ. ನೋವು ಜಾಸ್ತಿಯಾಯಿತೆಂದು ಸೂಜಿ ಚುಚ್ಚಿ ಮಲಗಿಸಿದರು.

ಪರೀಕ್ಷೆಯಲ್ಲಿ ರಕ್ತದಲ್ಲಿ ಸಕ್ಕರೆ ನಿಜವಾಗಿಯೂ ಸಿಕ್ಕಿತು! ಯಾವಾಗ ಬಂತೋ ದೇವರೇ ಬಲ್ಲ. ಭಾವನ ಮಾತಿಲ್ಲದಿದ್ದರೆ ಹೊಸದಾಗಿ ಪತ್ತೆಯಾದ ಕಾಯಿಲೆ ಎನಿಸಿಕೊಳ್ಳುತ್ತಿತ್ತೇನೋ. ಈಗ ಪಾಲಿಸಿಗೆ ಮುಂಚೆಯೇ ಇದ್ದದ್ದನ್ನು ಮುಚ್ಚಿಟ್ಟೆ ಎಂದು ಕಂಪನಿ ಕೈಯೆತ್ತಿತು. ಹೃದಯದ ರಕ್ತನಾಳಗಳಲ್ಲಿ ಎರಡು ಕಡೆ ಅಡ್ಡಿ. ಒಂದನ್ನು ಬಿಡಿಸುವಷ್ಟರಲ್ಲಿ ನನ್ನ ಹೆಂಡತಿಯ ಬಳೆಗಳು ಹೋದವು. ಇನ್ನೊಂದನ್ನು ತಡಮಾಡದೆ ಬಿಡಿಸಬೇಕು ಎಂದಿದ್ದರು. ವಿಮೆಯ ಹಣವೊಂದನ್ನೇ ನಂಬಿದ್ದೆವು. "ಆವತ್ತೇ ಒಂದು ಜಿಲೇಬಿ ತಿಂದಿದ್ರೆ ಎಂತಾಗ್ತಿತ್ತು?" ಎಂದು ಅವಳು ಅತ್ತಳು. ನನಗೂ ಅಳು ಬಂತು.

ತಪ್ಪು ಸರಿಪಡಿಸಲು ಭಾವ ಮನೆಮನೆ ತಿರುಗಿದ. ನನಗೆ ಕಾಯಿಲೆ ಇರಲೇ ಇಲ್ಲ, ಜಿಲೇಬಿ ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದೆ ಎಂದು ಬರೆಸಿ, ಬಡಿಸಿದ ಸುಬ್ರಾಯಣ್ಣನಿಂದ ಹಿಡಿದು ನನ್ನ ಜೊತೆ ಪಂಕ್ತಿಯಲ್ಲಿ ಉಂಡವರೆಲ್ಲರ ಸಹಿ ತಂದ. ಪಂಕ್ತಿಯ ಸಾಕ್ಷಿ ವೈದ್ಯಕೀಯ ಪುರಾವೆಯಲ್ಲ ಎಂದು ಕಂಪನಿಯವರು ಅದನ್ನೂ ತಳ್ಳಿಹಾಕಿದರು.

ಮೊನ್ನೆ ಎಕ್ಕಂಬಿಯಲ್ಲಿ ಒಂದು ಉಪನಯನ. ಜಿಲೇಬಿಯ ಹರಿವಾಣ ಹಿಡಿದು ಸುಬ್ರಾಯಣ್ಣ ಬಂದ. "ಬ್ಯಾಡ, ಸಕ್ಕರೆ ಕಾಯಿಲೆ ಇದ್ದು" ಎಂದೆ. ಈ ಸಲ ಅಪ್ಪಟ ಸತ್ಯ.

"ಸುಳ್ಳು ಹೇಳಡ ಮಾರಾಯ! ನಿಂಗೆ ಎಂತ ಕಾಯಿಲೆಯೂ ಇಲ್ಲೆ ಹೇಳಿ ಆನೇ ಸೈ ಮಾಡಿದ್ದಿ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮೂರು ಬಿದ್ದವು.

ಎದುರು ಸಾಲಿನಲ್ಲಿ ನನ್ನ ಹೆಂಡತಿ ಬೋಳು ಕೈಯನ್ನು ಎಲೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಅಡ್ಡಿಯೊಂದು ಹಾಗೇ ಕುಳಿತಿರುವ ಎದೆಯನ್ನು ಎಡಗೈಯಿಂದ ಒತ್ತಿಕೊಂಡು, ಅರ್ಧ ಮುರಿದು ಬಾಯಿಗಿಟ್ಟೆ. ಹಾಳಾದ್ದು, ಎಷ್ಟು ರುಚಿಯಾಗಿತ್ತು!