ಸದ್ದು ಮಾಡದ ಬೈಕು

ನಮ್ಮ ಭಾವನ ಕೈಗೆ ಸಿಕ್ಕಿದ ಯಾವ ಯಂತ್ರವೂ ಸಹಜ ಸಾವು ಕಂಡದ್ದಿಲ್ಲ! ಅಕ್ಕನನ್ನು ಮದುವೆಯಾದ ಮೇಲೆ ನಮ್ಮ ಗೋಡೆ ಗಡಿಯಾರ, ಹೊಲಿಗೆ ಮಿಷನ್ನು, ರೇಡಿಯೋ ಎಲ್ಲವನ್ನೂ ಬಿಚ್ಚಿದ್ದರು. ಯಂತ್ರದ ಹಾಗೆ ಐದಕ್ಕೆ ಎದ್ದು ಒಂಬತ್ತಕ್ಕೆ ಮಲಗುವ ನನ್ನೊಬ್ಬನನ್ನು ಬಿಟ್ಟಿದ್ದರು, ಅಷ್ಟೆ.

ಅವರ ಮಾತು ಕೇಳುತ್ತಿದ್ದದ್ದು ಹಳೆಯ ಮೋಟಾರ್ ಸೈಕಲ್ಲು ಮಾತ್ರ. ತೀರ್ಥಹಳ್ಳಿಯ ಆಫೀಸಿನಿಂದ ಹೊಸನಗರಕ್ಕೆ ಬರುವಾಗ ಅದು ದಾರಿಯಲ್ಲಿ ನಿಂತರೆ ಪ್ಲಗ್ ಒರೆಸಿ, ಕಿಡಿ ಹಾರಿಸುವ ಪಾಯಿಂಟಿಗೆ ಮರಳು ಕಾಗದ ಉಜ್ಜಿ, ಅದರ ಗ್ಯಾಪಿಗೆ ಬಸ್ ಟಿಕೆಟ್ ತೂರಿಸಿ ಅಳತೆ ನೋಡಿ ಒಂದು ಒದೆ ಕೊಡುತ್ತಿದ್ದರು. ಸ್ಟಾರ್ಟು! ಅದರ ಗುಡುಗು ಊರಿಗೆಲ್ಲ ಕೇಳುತ್ತಿತ್ತು.

ಪಾರ್ಶ್ವವಾಯು ಬಡಿದು ಮಲಗಿದ ಅಕ್ಕನಿಗೂ ಕೇಳುತ್ತಿತ್ತು. ಗಂಡ ಬರುವ ಮೊದಲು ಉಣ್ಣದಿರುವುದು ಅವಳ ಪದ್ಧತಿ. ಮಾತು ಹೋಯಿತು, ಎದುರಿಗೆ ಕೂತ ಗಂಡನ ಗುರುತೂ ಹೋಯಿತು. ಆ ಪದ್ಧತಿಯೂ ಆ ಸದ್ದಿನ ಗುರುತೂ ಉಳಿದವು. ಬೈಕು ಗುಡುಗಿದರೆ ಬಾಯಿ ತೆರೆಯುತ್ತಿದ್ದಳು, ನಾನು ಗಂಜಿ ಕುಡಿಸುತ್ತಿದ್ದೆ.

ಎಂಬತ್ತರ ದಶಕದ ನಡುವೆ ಆ ಹಳೆ ಬೈಕಿನ ಕ್ರ್ಯಾಂಕು ರಿಪೇರಿಗೆ ಬಾರದಂತೆ ಮುರಿಯಿತು. ಭಾವ ಸಾಗರದಿಂದ ಹೊಸ ಮಾದರಿಯ ಬೈಕು ತಂದರು. ಬೆಕ್ಕು ಬಂದಂತೆ ಬಂತು! ಅಕ್ಕ ಬಾಯಿ ತೆರೆಯಲಿಲ್ಲ. ಮರುದಿನವೂ ಇಲ್ಲ. ಹೀಗಾದರೆ ವಾರ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋದರು.

ಸದ್ದು ಬರಲೆಂದು ಭಾವ ಸೈಲೆನ್ಸರಿನ ಕರುಳು ಕಿತ್ತರು. ಬೈಕು ಕಿರುಚಿತೇ ಹೊರತು ಗುಡುಗಲಿಲ್ಲ. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಇನ್ನು ಕಿಡಿ ಹಾರುವ ಟೈಮಿಂಗೇ ಬದಲಿಸಬೇಕೆಂದು ಪಾಯಿಂಟು ಹುಡುಕಿದರೆ ಪಾಯಿಂಟೇ ಇಲ್ಲ! ಅದರ ಬದಲು ಒಂದು ಕರಿ ಡಬ್ಬಿ.

"ಇದ್ರ ಸ್ಕ್ರೂ ಎಲ್ಲಿ ಮಾರಾಯ?"

"ಅದನ್ನ ಬಿಚ್ಚೋ ಹಂಗಿಲ್ಲ ಭಾವ. ಕೆಟ್ರೆ ಬಿಸಾಕಿ ಬೇರೆ ಹಾಕೋದಂತೆ."

"ಬಿಚ್ಚಕ್ಕಾಗದ್ದನ್ನ ಮನುಷ್ಯ ಆದವನು ಯಾಕೆ ಮಾಡ್ತಾನೆ?"

ಉಳಿ ಇಟ್ಟು ಹೊಡೆದರು. ಒಳಗೆ ಅರಗಿನಂಥದ್ದು, ಅದರಲ್ಲಿ ಸಾಸಿವೆಯಂಥ ಕಾಳುಗಳು. "ಎಂತದೋ ಒಗ್ಗರಣೆ ಹಾಕಿದಾರೆ" ಎಂದರು. ನಾನು ನಗಲಿಲ್ಲ, ಅವರೂ ನಗಲಿಲ್ಲ. ಬೈಕು ಅಲ್ಲಿಗೆ ಸತ್ತಿತು. ಬೇರೆ ಡಬ್ಬಿ ಬೆಂಗಳೂರಿನಿಂದಲೇ ಬರಬೇಕು ಎಂದು ಸಾಗರದ ಅಂಗಡಿಯವರು ಹೇಳಿ ಕಳಿಸಿದರು.

ಮರುದಿನ ಸಂಜೆ ಆರಿದ ಗಂಜಿ ಹಿಡಿದು ಕೂತಿದ್ದೆ. ಹೊರಗೆ ಗುಡುಗಿತು. ಅಕ್ಕನ ತುಟಿ ಅಲುಗಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಸತ್ತ ಬೈಕಿನ ಮೇಲೆ ಭಾವ ಕೂತಿದ್ದಾರೆ. ಆಕ್ಸಿಲರೇಟರ್ ತಿರುಗಿಸುತ್ತಾ, ಕತ್ತಿನ ನರ ಉಬ್ಬಿಸಿ, ಬಾಯಲ್ಲೇ ಡುಗು ಡುಗು ಅನ್ನುತ್ತಿದ್ದಾರೆ. ನನ್ನನ್ನು ಕಂಡು ನಿಲ್ಲಿಸಲಿಲ್ಲ. ಒಳಗೆ ಹೋಗು ಎಂದು ಕೈಸನ್ನೆ ಮಾಡಿದರು.

ತಿರುಗಿ ನೋಡಿದರೆ ಅಕ್ಕ ಬಾಯಿ ತೆರೆದಿದ್ದಳು. ಬಟ್ಟಲು ಖಾಲಿಯಾಗುವವರೆಗೂ ಭಾವ ಎಂಜಿನ್ ಆಫ್ ಮಾಡಲಿಲ್ಲ.